ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೇವೆ, ನೋಡಲು ಹೋದಾಗ ಏನು ಗಮನಿಸಬೇಕು?

ಸಕಲೇಶಪುರದಿಂದ ಪ್ರಶ್ನೆ: ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ಇಲ್ಲ. ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲದೆ ಹಾಸನದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಭಾನುವಾರ ಹೋದರೆ ಎಲ್ಲ ಚೆನ್ನಾಗೇ ಕಾಣುತ್ತದೆ. ಉಳಿದ ದಿನ ಹೇಗೋ? ಅನುಭವ ಇದ್ದವರು ಹೇಳಿ.

ಹಾಸನದಿಂದ: ಅಕ್ಕಾ, ಮೊದಲು ಹೋಗುವ ಹೊತ್ತು ಬದಲಿಸಿ. ಭಾನುವಾರ ಎಲ್ಲರ ಮನೆಯವರೂ ಬರುತ್ತಾರೆ, ಅವತ್ತು ತಲೆ ಬಾಚಿ, ಹಾಸಿಗೆ ಬಟ್ಟೆ ಬದಲಿಸಿ ಇಟ್ಟಿರುತ್ತಾರೆ. ವಾರದ ಮಧ್ಯೆ, ಸರಿಯಾಗಿ ಊಟದ ಹೊತ್ತಿಗೆ ಹೋಗಿ.

ನಮ್ಮ ಅತ್ತೆಗೂ ಎಡಗಡೆಯೇ ಬಿದ್ದುಹೋಗಿತ್ತು. ತಟ್ಟೆಯಲ್ಲಿ ದಿನಾ ಅರ್ಧ ಅನ್ನ ಉಳಿಯುತ್ತಿತ್ತು. ಅವರಿಗೆ ಹಸಿವೇ ಇಲ್ಲ ಅನ್ನುತ್ತಿದ್ದರು ಆಯಾ. ಪಕ್ಕದಲ್ಲಿ ಕೂತು ನೋಡಿದರೆ ಉಳಿಯುತ್ತಿದ್ದದ್ದು ಬರೀ ಎಡಭಾಗದ ಅನ್ನ! ಸ್ಟ್ರೋಕ್ ಆದ ಕೆಲವರಿಗೆ ಕಣ್ಣು ಚೆನ್ನಾಗಿದ್ದರೂ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲವಂತೆ, ಡಾಕ್ಟರ್ ಆಮೇಲೆ ಹೇಳಿದರು. ತಟ್ಟೆ ತಿರುಗಿಸಿ ಇಟ್ಟ ಕೂಡಲೇ ಉಳಿದದ್ದನ್ನೂ ತಿಂದರು. ನೀರಿನ ಲೋಟ ಕೂಡ ಎಡಗಡೆ ಸ್ಟೂಲ್ ಮೇಲೇ ಇತ್ತು. ಬಲಗಡೆಗೆ ಇಡಿಸಿದೆವು. ಆ ಆಯಾ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿದ್ದಾರಾ ನೋಡಿ. ಮಲಗಿಸಿಕೊಂಡೇ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಊಟವಾದ ಮೇಲೂ ಅರ್ಧ ಗಂಟೆ ಕೂತಿರಬೇಕು. ಪ್ರತಿ ತುತ್ತಿಗೂ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಲೇಬೇಕು.

ಮೂಡಿಗೆರೆಯಿಂದ: ಹಿಮ್ಮಡಿ, ಸೊಂಟದ ಹಿಂಭಾಗ ನೀವೇ ಬಟ್ಟೆ ಸರಿಸಿ ನೋಡಿ. ಸಂಕೋಚ ಬೇಡ. ಕೆಂಪಾಗಿದ್ದರೆ ಬೆರಳಲ್ಲಿ ಒತ್ತಿ ಬಿಡಿ. ಆ ಕೆಂಪು ಮಾಸದೆ ಹಾಗೇ ಉಳಿದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ನಮ್ಮ ತಂದೆಗೆ ಮೊದಲು ಸೇರಿಸಿದ್ದ ಕೇಂದ್ರದಲ್ಲಿ ಹೀಗೇ ಹುಣ್ಣಾಗಿ ವಾಸನೆ ಬರುವವರೆಗೂ ಅಲ್ಲಿಯವರು ನಮಗೆ ಹೇಳಿರಲಿಲ್ಲ. ಕಾಫಿ ಕೊಯ್ಲಿನ ಸಮಯ, ಆಳು ಬಿಟ್ಟು ಬರಲಾಗದು ಅಂತ ಅವರಿಗೂ ಗೊತ್ತಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಬೇರೆ ಕಡೆ ಸೇರಿಸಿದೆವು. ಅಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಚಾರ್ಟಿನಲ್ಲಿ ಬರೆಯುತ್ತಿದ್ದರು. ಏರ್ ಬೆಡ್ ಇದೆಯಲ್ಲ ಅಂತ ಹೊರಳಿಸುವುದನ್ನು ಬಿಡುವ ಹಾಗಿಲ್ಲ. ಚಾರ್ಟ್ ಕೇಳಿ ನೋಡಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಅರಸೀಕೆರೆಯಿಂದ: ಆಯಾಗಳ ಮೇಲೆ ರೇಗಬೇಡಿ. ರಾತ್ರಿ ಒಬ್ಬರೇ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ ಅಂತ ಮ್ಯಾನೇಜರ್ ಹತ್ತಿರ ಕೇಳಿ. ನೀವು ಹೋದ ಮೇಲೆ ನಿಮ್ಮ ಅಮ್ಮನ ಜೊತೆ ಇರುವವರು ಅವರೇ ಅಲ್ವಾ? ಅವರ ಹೆಸರು ಹಿಡಿದು ಮಾತಾಡಿಸಿ, ಅಮ್ಮನಿಗೆ ಏನು ಇಷ್ಟ ಅಂತ ಹೇಳಿ. ದೂರು ಕೇಳುವವರೇ ಇಲ್ಲದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ಅಮ್ಮ ಮಾತಾಡುತ್ತಾರೆ ಅಂದರೆ ಅವರನ್ನೇ ಕೇಳಿ, ಪಕ್ಕದಲ್ಲಿ ಯಾರೂ ಇಲ್ಲದಾಗ. "ಚೆನ್ನಾಗಿದೀಯಾ" ಅಂದರೆ ನಮ್ಮ ಹಿರಿಯರು ಮಕ್ಕಳಿಗೆ ಬೇಜಾರಾಗದಿರಲಿ ಅಂತ ಹೂಂ ಅಂದುಬಿಡುತ್ತಾರೆ. ರಾತ್ರಿ ಬಾತ್‌ರೂಮಿಗೆ ಕರೆದರೆ ಯಾರು ಬಂದರು, ಎಷ್ಟು ಹೊತ್ತು ಕಾಯಿಸಿದರು ಅಂತ ಕೇಳಿ.