ದೇಣಿಗೆ ಫಾರಂನಲ್ಲಿ ‘ಅನುಮತಿ’ಯೋ ‘ಒಪ್ಪಿಗೆ’ಯೋ ‘ಸಮ್ಮತಿ’ಯೋ?

ಎಲ್ಲರಿಗೂ ನಮಸ್ಕಾರ.

ಒಂದು ಸೇವಾಸಂಸ್ಥೆಯ ದೇಣಿಗೆ ಫಾರಂಗೆ ಕನ್ನಡದ ಸಾಲುಗಳನ್ನು ಬರೆಯುತ್ತಿದ್ದೇನೆ. ದುಡ್ಡು ಕೊಟ್ಟವರಿಗೆ ಮುಂದೆಯೂ ಈಮೇಲ್, ವಾಟ್ಸಾಪ್ ಕಳಿಸಬಹುದಾ ಅಂತ ಕೇಳುವ ಒಂದು ಸಾಲು, ಅದರ ಪಕ್ಕ ಟಿಕ್ ಹಾಕುವ ಚೌಕ. ಆ ಸಾಲಿನ ಹತ್ತಿರ ಬಂದು ಕೆಲಸ ನಿಂತಿದೆ.

‘ಅನುಮತಿ’ ಅಂದರೆ ನನಗೆ ಕಚೇರಿ ನೆನಪಾಗುತ್ತದೆ. ಮೆರವಣಿಗೆಗೆ ಅನುಮತಿ, ಕಟ್ಟಡಕ್ಕೆ ಅನುಮತಿ. ಅರ್ಜಿ ಹಾಕಿ ಕಾಯಬೇಕಾದ ವಿಷಯ. ‘ಅಪ್ಪಣೆ’ ಅಂತೂ ನಾಟಕದ ಮಾತಾಯಿತು. ‘ಒಪ್ಪಿಗೆ’ ಬಾಯಿಗೆ ಸಲೀಸು, ಆದರೆ ‘ನಿಯಮಗಳಿಗೆ ನನ್ನ ಒಪ್ಪಿಗೆ ಇದೆ’ ಅಂತ ಎಲ್ಲ ಆ್ಯಪ್‌ಗಳಲ್ಲೂ ನೋಡಿ ನೋಡಿ ಜನ ಓದದೆಯೇ ಒತ್ತುವುದು ರೂಢಿಯಾಗಿದೆ, ಅಲ್ವಾ? ನಮಗೆ ಬೇಕಿರುವುದು ಓದಿ, ಬೇಕು ಅನಿಸಿದರೆ ಮಾತ್ರ ಹಾಕುವ ಟಿಕ್.

ಉಳಿದದ್ದು ‘ಸಮ್ಮತಿ’. ಇದರ ಬೆನ್ನಿಗೆ ‘ಮೌನಂ ಸಮ್ಮತಿ ಲಕ್ಷಣಂ’ ಅಂಟಿಕೊಂಡಿದೆ. ಸುಮ್ನೆ ಇದ್ದರೆ ಹೂಂ ಅಂದ ಹಾಗೆ. ಈಗಿನ ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್ ಪ್ರಕಾರ ಮೌನವನ್ನಾಗಲಿ, ಮೊದಲೇ ಟಿಕ್ ಹಾಕಿಟ್ಟ ಚೌಕವನ್ನಾಗಲಿ ಸಮ್ಮತಿ ಅಂತ ಎಣಿಸುವ ಹಾಗಿಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅಷ್ಟೇ: ಒತ್ತಾಯವಿಲ್ಲದೆ, ಯಾವುದಕ್ಕೆ ಅಂತ ತಿಳಿದು, ಷರತ್ತಿಲ್ಲದೆ, ತಾವಾಗಿಯೇ ಮುಂದೆ ಬಂದು ಹೂಂ ಅಂದಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತೆಯೂ ಇರಬೇಕು. ಹೀಗೆ ಕೇಳುವ ಸಾಲನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದಿಕೊಳ್ಳುವ ಆಯ್ಕೆ ಕೊಡಬೇಕು ಅಂತಲೂ ಅದರಲ್ಲಿದೆ. ಅಂದರೆ ಕನ್ನಡದ ಸಾಲು ಅಲಂಕಾರಕ್ಕಲ್ಲ, ಜನ ಅದನ್ನೇ ಓದಿ ತೀರ್ಮಾನ ಮಾಡುತ್ತಾರೆ.

ನನ್ನ ಒಲವು ನಾಮಪದವನ್ನೇ ಬಿಟ್ಟು ದಾನಿಯ ಬಾಯಲ್ಲೇ ಹೇಳಿಸುವುದರ ಕಡೆಗೆ. ‘ನಿಮ್ಮ ಕೆಲಸದ ಸುದ್ದಿಯನ್ನು ನನಗೆ ಈಮೇಲ್ ಮಾಡಿ’ ಅಂತ ಒಂದು ಚೌಕ. ‘ಮುಂದೆ ದೇಣಿಗೆ ಬೇಕಾದಾಗ ನನ್ನನ್ನೂ ಕೇಳಿ’ ಅಂತ ಇನ್ನೊಂದು. ಎರಡೂ ಖಾಲಿ. ವಾಟ್ಸಾಪ್‌ಗೆ, ಫೋನ್‌ಗೆ ಬೇರೆ ಬೇರೆ ಚೌಕ. ಸುದ್ದಿ ಅಂತ ಟಿಕ್ ಹಾಕಿಸಿಕೊಂಡು ಆಮೇಲೆ ವಾರವಾರ ದುಡ್ಡು ಕೇಳುವುದು ನನಗಂತೂ ಹಿಡಿಸದು. ರಸೀದಿ ಕಳಿಸುವುದಕ್ಕೆ ಇದ್ಯಾವುದೂ ಬೇಕಿಲ್ಲ, ಅದು ಪ್ರಚಾರವಲ್ಲ. ಆದರೆ ಅದೇ ರಸೀದಿಯ ಕೆಳಗೆ ಹೊಸ ಅಭಿಯಾನದ ಲಿಂಕ್ ತುರುಕಿದರೆ ಪ್ರಚಾರವೇ ಆಯಿತು.

ಹೀಗೆ ಫಾರಂನಲ್ಲಿ ನಾಮಪದ ತಪ್ಪಿಸಿಕೊಂಡರೂ ಸಂಸ್ಥೆಯ ದಾಖಲೆಯಲ್ಲಿ ತಪ್ಪುವುದಿಲ್ಲ. ಯಾರು, ಯಾವತ್ತು, ಯಾವ ಸಾಲು ಓದಿ ಹೂಂ ಅಂದರು ಅಂತ ಬರೆದಿಡಲು ಒಂದು ಕಾಲಂ ಬೇಕು, ಅದಕ್ಕೊಂದು ತಲೆಬರಹ ಬೇಕು. ಅಲ್ಲಿ ‘ಒಪ್ಪಿಗೆ ಕೊಟ್ಟ ದಿನ’, ‘ಒಪ್ಪಿಗೆ ಹಿಂಪಡೆದ ದಿನ’ ಅಂತ ಇಟ್ಟಿದ್ದೇನೆ. ‘ಸಮ್ಮತಿ ಹಿಂಪಡೆ’ಗಿಂತ ಇದು ಹಗುರ ಅನಿಸಿತು.

ಈಮೇಲ್ ಬರುವುದನ್ನು ನಿಲ್ಲಿಸುವ ಅನ್‌ಸಬ್‌ಸ್ಕ್ರೈಬ್ ಬಟನ್‌ದು ಇನ್ನೂ ಪೇಚು. ಪತ್ರಿಕೆಗಳ ಲೆಕ್ಕದಲ್ಲಿ ‘ಚಂದಾ ರದ್ದು ಮಾಡಿ’ ಅಂತ ಕೆಲವು ಕಡೆ ಹಾಕುತ್ತಾರೆ. ಆದರೆ ಕನ್ನಡದಲ್ಲಿ ಚಂದಾ ಅಂದರೆ ವಂತಿಗೆಯೂ ಹೌದು. ತಿಂಗಳು ತಿಂಗಳು ಹಣ ಕಳಿಸುವವರು ಆ ಬಟನ್ ನೋಡಿ ಏನಂದುಕೊಳ್ಳಬೇಕು? ಈಮೇಲ್ ಸಾಕು ಅನ್ನುವವರು ದೇಣಿಗೆಯೇ ನಿಂತುಹೋದೀತು ಅಂತ ಹೆದರಿ ಒತ್ತದೇ ಇರಬಹುದು, ದೇಣಿಗೆ ನಿಲ್ಲಿಸಬೇಕು ಅನ್ನುವವರು ಅದನ್ನೇ ಒತ್ತಿ ನಿಂತಿತು ಅಂದುಕೊಳ್ಳಬಹುದು.

ಬಲ್ಲವರು ಹೇಳಿ: ‘ಒಪ್ಪಿಗೆ’, ‘ಸಮ್ಮತಿ’ ಎರಡರಲ್ಲಿ ನಿಮ್ಮ ಕಿವಿಗೆ ಯಾವುದು ಹತ್ತಿರ? ಅನ್‌ಸಬ್‌ಸ್ಕ್ರೈಬ್ ಬಟನ್ ಮೇಲೆ ‘ಇನ್ನು ಈಮೇಲ್ ಬೇಡ’ ಅಂತ ನೇರವಾಗಿ ಬರೆದರೆ ಒರಟಾಗುತ್ತದಾ? ನನಗೇನೋ ಅದೇ ಸರಿ ಅನಿಸುತ್ತಿದೆ, ಸಂಸ್ಥೆಯವರು ಒಪ್ಪುತ್ತಿಲ್ಲ.