ಬೋರ್‌ವೆಲ್ ಪ್ಯಾನೆಲ್‌ಗೆ ವೋಲ್ಟ್ ಮೀಟರ್, ಆಂಪ್ಸ್ ಮೀಟರ್: ಹಾಕಿಸಿದವರು ಹೇಳಿ

ಚಿಕ್ಕನಾಯಕನಹಳ್ಳಿಯಿಂದ: 7.5 ಎಚ್‌ಪಿ ಸಬ್‌ಮರ್ಸಿಬಲ್, 540 ಅಡಿಯಲ್ಲಿದೆ. ಡಿಒಎಲ್ ಸ್ಟಾರ್ಟರ್ (ಪೂರ್ತಿ ವೋಲ್ಟೇಜ್ ನೇರವಾಗಿ ಮೋಟಾರಿಗೆ ಕೊಡುವಂಥದು). ಪ್ಯಾನೆಲ್‌ನ ಎರಡು ಮೀಟರೂ ಕೆಟ್ಟಿವೆ. ಮುಳ್ಳಿನದು ಹಾಕಲೋ, ಡಿಜಿಟಲ್ ಹಾಕಲೋ? ಸಿಟಿ (ವೈರಿನ ಕರೆಂಟನ್ನು ಕಡಿಮೆ ಮಾಡಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಬೇಕಾ?

ಅರಸೀಕೆರೆಯಿಂದ: ಮೀಟರ್ ಯಾವುದಾದರೂ ಹಾಕಿಸಿ ಅಣ್ಣ, ಯಾವ ವೈರಿಗೆ ಸೇರಿಸುತ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡಿ. ನನ್ನದು 10 ಎಚ್‌ಪಿ, ಸ್ಟಾರ್ ಡೆಲ್ಟಾ ಸ್ಟಾರ್ಟರ್ (ಮೊದಲು ಸ್ಟಾರ್‌ನಲ್ಲಿ ಕಡಿಮೆ ಕರೆಂಟಿಗೆ ಎಬ್ಬಿಸಿ, ಆಮೇಲೆ ಡೆಲ್ಟಾಗೆ ಬದಲಿಸುವಂಥದು). ಬಂದ ಹುಡುಗ ಮೋಟಾರಿಗೆ ಹೋಗುವ ಆರು ವೈರಲ್ಲಿ ಒಂದಕ್ಕೆ ಸೇರಿಸಿದ. 12.5 ಆಂಪ್ಸ್ ತೋರಿಸುತ್ತಿತ್ತು. ನೇಮ್‌ಪ್ಲೇಟಲ್ಲಿ 18 ಇದೆ, ತೊಂದರೆ ಇಲ್ಲ ಅಂದುಕೊಂಡೆ. ಡೆಲ್ಟಾದಲ್ಲಿ ಆ ವೈರಲ್ಲಿ ಹರಿಯುವುದು ಲೈನ್ ಕರೆಂಟಿನ 58 ಪರ್ಸೆಂಟ್ ಮಾತ್ರ. ಮೋಟಾರ್ ಎಳೆಯುತ್ತಿದ್ದದ್ದು 21ಕ್ಕಿಂತ ಜಾಸ್ತಿ! ಹನ್ನೊಂದು ದಿನಕ್ಕೆ ವೈಂಡಿಂಗ್ ಸುಟ್ಟಿತು. ಎತ್ತಿ ಇಳಿಸಲು 8,000, ವೈಂಡಿಂಗ್ 9,500, ಕೇಬಲ್ ಜಾಯಿಂಟ್ 650, ಪೇಟೆಗೆ ಆಟೋ ಎರಡು ಸಲ 1,400. ಒಣಗಿದ ಅಡಿಕೆ ಸಸಿಗಳನ್ನು ಇದರಲ್ಲಿ ಸೇರಿಸಿಲ್ಲ.

ಹಿರಿಯೂರಿನಿಂದ: ಡಿಜಿಟಲ್ ಹಾಕಿಸಿ, ಕಣ್ಣು ಮುಚ್ಚಿಕೊಂಡು. ನಾನು ಹಾಕಿಸಿ ಮೂರು ವರ್ಷವಾಯಿತು. ಮೊದಲು ನಾನೂ ಅನುಭವಿಸಿದ್ದೇನೆ. ಸಿಟಿಯ ತೂತಿನೊಳಗೆ ಮೂರು ಫೇಸ್ ವೈರನ್ನೂ ಒಟ್ಟಿಗೆ ತೂರಿಸಿದ್ದರು, ಮೋಟಾರ್ ಓಡಿದರೂ ಮೀಟರಲ್ಲಿ ಸೊನ್ನೆ. ಆಮೇಲೆ ಒಂದೇ ಫೇಸ್ ಹಾಕಿದರು. ಆದರೆ ವೈರ್ ಉದ್ದ ಉಳಿಯಿತು ಅಂತ ಎರಡು ಸುತ್ತು ಸುತ್ತಿಬಿಟ್ಟರು. 13 ಇರಬೇಕಾದ ಕಡೆ 26! ಪಂಪ್ ಜಾಮ್ ಆಗಿದೆ ಅಂತ ಹೆದರಿ 7,000 ಕೊಟ್ಟು ಮೋಟಾರ್ ಎತ್ತಿಸಿದೆ. ಮೋಟಾರಿಗೆ ಏನೂ ಆಗಿರಲಿಲ್ಲ. ಒಂದು ಸುತ್ತು ಬಿಚ್ಚಿದ ಮೇಲೆ ಸರಿಯಾಯಿತು.

ಮುಳಬಾಗಿಲಿನಿಂದ: ಅರಸೀಕೆರೆಯವರೇ, ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿಯಾದರೆ ಮೋಟಾರ್ ಆಫ್ ಮಾಡುವುದು) ಎಷ್ಟಕ್ಕೆ ಇಟ್ಟಿದ್ರಿ? ಅದೂ ಅದೇ ವೈರಲ್ಲಿದ್ದರೆ 58 ಪರ್ಸೆಂಟಿಗೇ ಇಡಬೇಕು. 18ಕ್ಕೆ ಇಟ್ಟಿರುತ್ತೀರಿ, ಅದಕ್ಕೇ ಸುಟ್ಟಿದೆ. ಮೀಟರ್ ಬರೀ ತೋರಿಸುತ್ತೆ, ಕಾಪಾಡಲ್ಲ. ನನ್ನ ತೋಟದಲ್ಲಿ ಒಂದು ಫೇಸ್ ಹೋದಾಗ ಮೋಟಾರ್ ಓಡುತ್ತಲೇ ಇತ್ತು. ಓಡುವ ಮೋಟಾರೇ ಆ ಫೇಸಿಗೆ ವಾಪಸ್ ವೋಲ್ಟೇಜ್ ಕೊಡುತ್ತೆ, ವೋಲ್ಟ್ ಮೀಟರ್ 390 ತೋರಿಸುತ್ತಿತ್ತು. ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ಆಫ್ ಮಾಡುವ ಸಾಧನ) ಇಲ್ಲದೆ ಎಷ್ಟು ಮೀಟರ್ ಹಾಕಿದರೂ ದುಡ್ಡು ದಂಡ.

ಅರಸೀಕೆರೆಯಿಂದ: ರಿಲೇ ಇಟ್ಟವನೂ ಅದೇ ಹುಡುಗ ಸ್ವಾಮಿ. ಕಳೆದುಕೊಂಡವನಿಗೆ ಪಾಠ ಹೇಳೋದು ಸುಲಭ.

ಹಿರಿಯೂರಿನಿಂದ: ಮೀಟರ್ ದಂಡ ಅನ್ನಬೇಡಿ. ಹೋದ ಏಪ್ರಿಲ್‌ನಲ್ಲಿ ಆಂಪ್ಸ್ 13ರಿಂದ 8ಕ್ಕೆ ಇಳಿದದ್ದು ನೋಡಿಯೇ ಬೋರಲ್ಲಿ ನೀರು ಮುಗಿಯಿತು ಅಂತ ಗೊತ್ತಾಗಿ ಆಫ್ ಮಾಡಿದೆ. ನಿಮ್ಮ ಪ್ರಿವೆಂಟರ್ ಅದನ್ನು ಹೇಳುತ್ತಾ?

ಮುಳಬಾಗಿಲಿನಿಂದ: ಡ್ರೈ ರನ್ ನೋಡುವ ಪ್ರಿವೆಂಟರೂ ಸಿಗುತ್ತೆ. ರಾತ್ರಿ ಎರಡು ಫೇಸಲ್ಲಿ ಕಂಡೆನ್ಸರ್ ಹಾಕಿ ಓಡಿಸುವವರಿಗೆ ಅದು ಆಗಿಬರಲ್ಲ, ಅಷ್ಟೇ.

ಹಿರಿಯೂರಿನಿಂದ: ನಾನು ಹಾಗೆ ಓಡಿಸುತ್ತೇನೆ ಅಂತ ಯಾರು ಹೇಳಿದರು ನಿಮಗೆ?

ಚಿಕ್ಕನಾಯಕನಹಳ್ಳಿಯಿಂದ: ನನ್ನದು ಡಿಒಎಲ್, ಮೂರೇ ವೈರು. ಸಿಟಿ ಬೇಕಾ?

ಅರಸೀಕೆರೆಯಿಂದ: ಬೇಡ ಅಣ್ಣ. 0–30 ಡೈರೆಕ್ಟ್ ಮುಳ್ಳಿನ ಮೀಟರ್ ತಗೊಳ್ಳಿ, ಒಂದು ಫೇಸಿನ ನಡುವೆ ಸೀರೀಸಲ್ಲಿ ಬರಲಿ. ವೈರ್ ತುದಿಯ ಲಗ್ ಬಿಗಿಯಾಗಿರಲಿ, ಸಡಿಲವಾದರೆ ಅಲ್ಲೇ ಕರಗುತ್ತೆ. 0–500 ವೋಲ್ಟ್ ಮೀಟರ್ ಎರಡು ಫೇಸಿನ ಮಧ್ಯೆ, ಮೂರನ್ನೂ ತಿರುಗಿಸಿ ನೋಡಲು ಸೆಲೆಕ್ಟರ್ ಸ್ವಿಚ್.

ಹಿರಿಯೂರಿನಿಂದ: ಮುಳ್ಳಿನದು ಸ್ಟಾರ್ಟಿಂಗ್ ಕರೆಂಟಿನ ಏಟಿಗೇ ಬಾಗುತ್ತೆ. ಆಮೇಲೆ ನನ್ನ ಮಾತು ನೆನಪಾಗುತ್ತೆ.