ಅಪ್‌ಡೇಟ್: ಫಿಸಿಯೋಥೆರಪಿಸ್ಟ್ ಇನ್ಶೂರೆನ್ಸ್, ಕೊನೆಗೂ ನನ್ನ ಹೆಸರಲ್ಲೇ ಮಾಡಿಸಿದೆ

ಹಗಲು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ, ಸಂಜೆ ರೋಗಿಗಳ ಮನೆಗೆ ಹೋಗ್ತೀನಿ; ಏನಾದರೂ ಹೆಚ್ಚುಕಮ್ಮಿ ಆದರೆ ಆಸ್ಪತ್ರೆಯ ಇನ್ಶೂರೆನ್ಸ್ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಸಾಲದು. ಪಾಲಿಸಿಯ ಪ್ರತಿ ಕೇಳಿ ತೆಗೆದುಕೊಂಡು ಓದಿದೆ. ಅಲ್ಲಿನ ಡ್ಯೂಟಿಗೆ ಮಾತ್ರ ಕವರ್ ಇದೆ. ಬಿಸಿ ಪ್ಯಾಕ್ ತಾಗಿ ಚರ್ಮ ಸುಡೋದು, ನಡೆಸುವಾಗ ಅಜ್ಜಿ ಕಾಲು ಜಾರೋದು, ಇವೆಲ್ಲ ಮನೆಯಲ್ಲೇ ಜಾಸ್ತಿ ಭಯ ಅಲ್ವಾ?

ಹಾಗಾಗಿ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ (ಕೆಲಸದಲ್ಲಿ ನಮ್ಮಿಂದ ತಪ್ಪಾಯಿತು ಅಂತ ರೋಗಿ ಪರಿಹಾರ ಕೇಳಿದರೆ ಭರಿಸುವ ಇನ್ಶೂರೆನ್ಸ್) ಮಾಡಿಸಿದೆ. ಏಜೆಂಟ್ ಫಾರಂನಲ್ಲಿ ಸುಮ್ನೆ 'ಡಾಕ್ಟರ್' ಅಂತ ಬರೆಯಲು ಹೊರಟಿದ್ದರು. ತಡೆದೆ. ವೃತ್ತಿ ತಪ್ಪಾಗಿದ್ದರೆ ಕ್ಲೇಮ್ ತಿರಸ್ಕಾರ ಆಗಬಹುದು. ಮನೆ ಭೇಟಿಯನ್ನೂ ಸ್ಪಷ್ಟವಾಗಿ ಬರೆಸಿದೆ.

ಇನ್ನೊಂದು ಮುಖ್ಯ ವಿಷಯ. ನನ್ನದು 'ಕ್ಲೇಮ್ಸ್ ಮೇಡ್' ಪಾಲಿಸಿ. ಘಟನೆ ನಡೆದ ದಿನ ಪಾಲಿಸಿ ಇದ್ದರೆ ಸಾಲದು, ದೂರು ಬಂದಾಗಲೂ ಚಾಲ್ತಿಯಲ್ಲಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಅವಕಾಶವಿದೆ. ನಡುವೆ ರಿನ್ಯೂವಲ್ ತಪ್ಪಿದರೆ ಹಳೇ ಘಟನೆಗಳಿಗೆ ರಕ್ಷಣೆ ಹೋಗಬಹುದು. ಕಂಪನಿ ಬದಲಿಸಿದರೆ ಹಳೆಯ 'ರೆಟ್ರೋಆಕ್ಟಿವ್ ಡೇಟ್' (ಯಾವ ದಿನದಿಂದ ನಡೆದ ಘಟನೆಗಳಿಗೆ ಕವರ್ ಇದೆಯೋ ಆ ದಿನಾಂಕ) ಮುಂದುವರಿಸಿ ಅಂತ ಬರವಣಿಗೆಯಲ್ಲೇ ಕೇಳಿ.

ಲ್ಯಾಬ್ ಟೆಕ್ನಿಷಿಯನ್, ರೇಡಿಯೋಗ್ರಾಫರ್ ಗೆಳೆಯರೇ, ನಿಮ್ಮ ಆಸ್ಪತ್ರೆಯ ಪಾಲಿಸಿಯನ್ನೂ ಒಮ್ಮೆ ತರಿಸಿ ಓದಿ.